ಕ್ಯಾಂಪಿನಲ್ಲಿ ಮನೆ ನಿಮ್ಮದು, ನೆಲ ಯಾರದು?

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ಸೇನೆಯ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ, ಒಂದು ಮನೆ ನೋಡಿ ಬಂದರು. ಮಂಗಳೂರು ಹಂಚಿನ ಹಳೆಯ ಮನೆ. ಮುಂದೆ ಕೂರಲು ಕಟ್ಟೆ, ಹಿಂದೆ ಮಾವಿನ ಮರ, ಎದುರಿಗೆ ಅಗಲವಾದ ರಸ್ತೆ. ಅದೇ ಊರಿನ ಟಿಳಕವಾಡಿ ಬಡಾವಣೆಯಲ್ಲಿ ಅಷ್ಟೇ ಜಾಗಕ್ಕೆ ಕೇಳುವ ರೊಕ್ಕಕ್ಕಿಂತ ಬಹಳ ಕಡಿಮೆ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. "ತಮ್ಮಾ, ಇಂಥಾ ಮನಿ ಮತ್ತ ಸಿಗೂದಿಲ್ಲ ನೋಡು" ಅಂದರು. ಊಟ ಆದ ಮೇಲೆ ಮಾರುವವರು ಕೊಟ್ಟಿದ್ದ ಕಾಗದಗಳ ಕಟ್ಟನ್ನು ನನ್ನ ಮುಂದೆ ಇಟ್ಟರು. ತೆರಿಗೆ ರಸೀದಿಗಳಿದ್ದವು. ಕರೆಂಟ್ ಬಿಲ್ ಇತ್ತು. ಮಡಿಕೆಯಲ್ಲಿ ಹರಿದುಹೋದ ಒಂದು ಹಳೆಯ ಕರಾರುಪತ್ರ ಇತ್ತು. ನೆಲ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಉತಾರ ಮಾತ್ರ ಇರಲಿಲ್ಲ.

"ಉತಾರ ಎಲ್ಲಿ ಕಾಕಾ?" ಅಂತ ಕೇಳಿದೆ.

"ಅಲ್ಲಿ ಉತಾರ ಇರೂದಿಲ್ಲಂತ. ಕ್ಯಾಂಪಿನ್ಯಾಗ ಬ್ಯಾರೆ ಪದ್ಧತಿ ಅಂತ."

ಮಾರುವವರು ಸುಳ್ಳು ಹೇಳಿರಲಿಲ್ಲ. ಪದ್ಧತಿ ಬೇರೆಯೇ. ಆದರೆ ಆ ಪದ್ಧತಿ ಏನು ಅನ್ನೋದು ಕೊಳ್ಳುವವರಿಗೆ ಗೊತ್ತಿರಲ್ಲ. ಎಷ್ಟೋ ಸಲ ಮೂರು ತಲೆಮಾರಿನಿಂದ ಅಲ್ಲೇ ಬಾಳಿದವರಿಗೂ ಪೂರ್ತಿ ಗೊತ್ತಿರಲ್ಲ. ಈಗ ಕ್ಯಾಂಪಿನ ಜನವಸತಿಯನ್ನು ಮಹಾನಗರ ಪಾಲಿಕೆಗೆ ಸೇರಿಸುವ ಮಾತೂ ನಡೆದಿದೆ. ಹಾಗಾಗಿ ಇದನ್ನು ಬಿಡಿಸಿ ಬರೆಯಲೇಬೇಕು ಅನ್ನಿಸಿತು.

ಶುರು ಮಾಡಬೇಕಾದ್ದು ಕೋಟೆಯಿಂದ. 1818ರಲ್ಲಿ ಥಾಮಸ್ ಮನ್ರೋನ ಪಡೆ ಮುತ್ತಿಗೆ ಹಾಕಿ ಬೆಳಗಾವಿ ಕೋಟೆಯನ್ನು ಹಿಡಿಯಿತು. 1832ರ ಹೊತ್ತಿಗೆ ಇಲ್ಲಿ ದಂಡು ನೆಲೆಯಾಯಿತು. ದಂಡು ಅಂದರೆ ಬರೀ ಸೈನಿಕರಲ್ಲ. ಸೈನಿಕರು ಇರುವ ಸಾಲುಮನೆಗಳಿಗೆ 'ಲೈನ್' ಅಂತ ಹೆಸರು. ಅಧಿಕಾರಿಗಳಿಗೆ ದೊಡ್ಡ ಕಂಪೌಂಡಿನ ಬಂಗಲೆಗಳು. ಇವರೆಲ್ಲರಿಗೂ ಅಕ್ಕಿ, ಬಟ್ಟೆ, ಮಾಂಸ, ಚಪ್ಪಲಿ ಒದಗಿಸುವ ವ್ಯಾಪಾರಿಗಳು, ದರ್ಜಿಗಳು, ಅಗಸರು, ಅಡುಗೆಯವರು ಇರಲು ಬಜಾರು. ಇವತ್ತು ಹೈ ಸ್ಟ್ರೀಟ್, ಕೊಂಡಪ್ಪ ಸ್ಟ್ರೀಟ್, ಫಿಶ್ ಮಾರ್ಕೆಟ್ ಸುತ್ತ ನಡೆದಾಡಿದರೆ ಆ ಹಳೆಯ ಬಜಾರಿನ ಗುರುತು ಈಗಲೂ ಕಾಣುತ್ತದೆ. ಮನೆಗಳು ಒತ್ತೊತ್ತಾಗಿವೆ, ಬೀದಿಗಳು ನೇರವಾಗಿವೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾಕು, ಬಂಗಲೆಗಳ ಸಾಲು, ದೊಡ್ಡ ದೊಡ್ಡ ಮರಗಳು. ಊರು ಬದಲಾದ ಹಾಗೆ ಅನ್ನಿಸುತ್ತದೆ.

ಬಂಗಲೆಗಳನ್ನು ಕಟ್ಟಿದವರು ಹೆಚ್ಚಾಗಿ ಖಾಸಗಿಯವರೇ. ದಂಡಿಗೆ ಮನೆ ಬೇಕಿತ್ತು, ಕಟ್ಟಿಸಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. "ನೆಲ ಕೊಡುತ್ತೇವೆ, ನೀವು ಕಟ್ಟಿಕೊಳ್ಳಿ. ಆದರೆ ನೆಲ ನಮ್ಮದೇ. ಬೇಕಾದಾಗ ವಾಪಸ್ ತಗೊಳ್ಳುತ್ತೇವೆ" ಅನ್ನೋದು ಒಪ್ಪಂದ. ಬಂಗಾಳದಲ್ಲಿ ಇದನ್ನು 1836ರ ಗವರ್ನರ್ ಜನರಲ್ ಆದೇಶ 179ರಲ್ಲಿ ಬರೆದಿಟ್ಟರು. ಬೊಂಬಾಯಿ, ಮದ್ರಾಸ್ ಪ್ರಾಂತ್ಯಗಳಿಗೆ ಅವುಗಳದೇ ಆದೇಶಗಳಿದ್ದವು. ಬೆಳಗಾವಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಆದೇಶ ಬೇರೆ ಬೇರೆಯಾದರೂ ತಿರುಳು ಒಂದೇ. ಇದಕ್ಕೆ 'ಓಲ್ಡ್ ಗ್ರ್ಯಾಂಟ್' ಅಂತ ಹೆಸರು. ಕ್ಯಾಂಪಿನ ಕಥೆಯ ಗಂಟು ಇರುವುದೇ ಇಲ್ಲಿ.

ನಾವು ಊರಿನಲ್ಲಿ ಮನೆ ಅಂದರೆ ನೆಲ, ಗೋಡೆ, ಮಾಡು ಎಲ್ಲ ಸೇರಿಸಿ ಹೇಳುತ್ತೇವೆ. ಓಲ್ಡ್ ಗ್ರ್ಯಾಂಟ್‌ನಲ್ಲಿ ಹಾಗಿಲ್ಲ. ಗೋಡೆ, ಮಾಡು, ಬಾಗಿಲು, ಕಿಟಕಿ ನಿಮ್ಮದು. ಅದರ ಕೆಳಗಿನ ನೆಲ ಭಾರತ ಸರ್ಕಾರದ್ದು. 1836ರ ಆದೇಶದ ಪ್ರಕಾರ ಸರ್ಕಾರ ಒಂದು ತಿಂಗಳ ನೋಟಿಸ್ ಕೊಟ್ಟು ನೆಲವನ್ನು ವಾಪಸ್ ಪಡೆಯಬಹುದು. ಪರಿಹಾರ ಕೊಡುವುದು ಕಟ್ಟಡಕ್ಕೆ ಮಾತ್ರ. ಅದೂ ಅನುಮತಿ ಪಡೆದು ಕಟ್ಟಿದ ಕಟ್ಟಡಕ್ಕೆ. ನೀವು ಕೇಳದೆ ಕಟ್ಟಿದ ಹಿಂದಿನ ಎರಡು ಕೋಣೆ ಲೆಕ್ಕಕ್ಕೆ ಬರಲ್ಲ. ಕ್ಯಾಂಪಿನ ಹಿರಿಯರು ಇದನ್ನು ನಾಲ್ಕೇ ಮಾತಿನಲ್ಲಿ ಹೇಳಿಬಿಡುತ್ತಾರೆ: "ಮನಿ ನಮ್ದು, ಜಾಗಾ ಅವರ್ದು."

ಹಾಗಂತ ಕ್ಯಾಂಪಿನ ಎಲ್ಲಾ ಮನೆಗಳೂ ಹೀಗೇ ಅಂದುಕೊಳ್ಳಬೇಡಿ. ಯಾವ ಮನೆ ಯಾವ ಬಗೆ ಅಂತ ತಿಳಿಯಲು ಒಂದೇ ಒಂದು ದಾಖಲೆ ನೋಡಬೇಕು. ಅದರ ಹೆಸರು ಜನರಲ್ ಲ್ಯಾಂಡ್ ರಿಜಿಸ್ಟರ್. ಕ್ಯಾಂಪಿನಲ್ಲಿ ಎಲ್ಲರೂ ಜಿಎಲ್‌ಆರ್ ಅಂತಾರೆ. ನಮ್ಮ ಹಳ್ಳಿಗೆ ಪಹಣಿ ಇದ್ದ ಹಾಗೆ, ಪಟ್ಟಣಕ್ಕೆ ನಗರ ಸರ್ವೆಯ (ಸಿಟಿಎಸ್) ಉತಾರ ಇದ್ದ ಹಾಗೆ, ದಂಡಿಗೆ ಜಿಎಲ್‌ಆರ್. ದಂಡಿನ ಒಳಗೆ 'ಸಿವಿಲ್ ಏರಿಯಾ' ಅಂತ ಗುರುತಿಸಿದ ಭಾಗದ ಜಿಎಲ್‌ಆರ್ ಕಂಟೋನ್ಮೆಂಟ್ ಬೋರ್ಡಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಹತ್ತಿರ ಇರುತ್ತದೆ. ಅದರಾಚೆಗಿನ ಜಾಗದ ಜಿಎಲ್‌ಆರ್ ಡಿಫೆನ್ಸ್ ಎಸ್ಟೇಟ್ಸ್ ಆಫೀಸರ್ ಹತ್ತಿರ, ಅಂದರೆ ಡಿಇಒ ಹತ್ತಿರ. ಮೊದಲ ಗೊಂದಲ ಇಲ್ಲೇ ಶುರುವಾಗುತ್ತದೆ, ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಅಂತ.

ಜಿಎಲ್‌ಆರ್ ನಕಲು ಕೈಗೆ ಬಂದಾಗ ಅದನ್ನು ಓದುವುದು ಹೇಗೆ? ಅಡ್ಡಕ್ಕೆ ಉದ್ದವಾದ ಹಾಳೆ. ಅದರಲ್ಲಿ ಹತ್ತಾರು ಕಾಲಂ. ಮೊದಲು ಸರ್ವೆ ನಂಬರ್, ಆಮೇಲೆ ಎಕರೆಯಲ್ಲಿ ಅಳತೆ. ದಶಮಾಂಶದಲ್ಲಿ ಬರೆದಿರುತ್ತಾರೆ, ಸಣ್ಣ ಮನೆಯಾದರೆ 0.03 ಅಂತಲೂ ಇರಬಹುದು. 0.03 ಎಕರೆ ಅಂದರೆ ಸುಮಾರು 1,300 ಚದರ ಅಡಿ, ಅಂದರೆ 30 ಬೈ 40 ಸೈಟಿಗಿಂತ ಸ್ವಲ್ಪ ಜಾಸ್ತಿ. ಆಮೇಲೆ 'ಕ್ಲಾಸ್' ಅನ್ನೋ ಕಾಲಂ. ಅದರಾಚೆಗೆ ಯಾರ ನಿರ್ವಹಣೆ, 'ಲ್ಯಾಂಡ್‌ಲಾರ್ಡ್' ಯಾರು, 'ಹೋಲ್ಡರ್ ಆಫ್ ಆಕ್ಯುಪೆನ್ಸಿ ರೈಟ್ಸ್' ಯಾರು, ಅವರ ಹಕ್ಕಿನ ಸ್ವರೂಪ ಏನು, ಬಾಡಿಗೆ ಎಷ್ಟು. ಕೊನೆಯಲ್ಲಿ ಷರಾ.

ಬೆರಳಿಟ್ಟು ನೋಡಬೇಕಾದ್ದು ನಾಲ್ಕು ಕಡೆ. ಕ್ಲಾಸ್, ಲ್ಯಾಂಡ್‌ಲಾರ್ಡ್, ಹೋಲ್ಡರ್, ಹಕ್ಕಿನ ಸ್ವರೂಪ. ಲ್ಯಾಂಡ್‌ಲಾರ್ಡ್ ಕಾಲಂನಲ್ಲಿ ಭಾರತ ಸರ್ಕಾರ ಅಂತ ಇದ್ದು, ಹೋಲ್ಡರ್ ಕಾಲಂನಲ್ಲಿ ಮಾರುವವರ ಹೆಸರಿದ್ದರೆ, ಅವರು ನಿಮಗೆ ಮಾರುತ್ತಿರುವುದು ಕಟ್ಟಡ ಮತ್ತು ಅಲ್ಲಿ ಇರುವ ಹಕ್ಕು. ನೆಲ ಅಲ್ಲ. ಇಷ್ಟು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಕ್ಲಾಸ್ ವಿಷಯ ಸ್ವಲ್ಪ ತಾಳ್ಮೆಯಿಂದ ನೋಡಬೇಕು. 1937ರ ದಂಡು ಭೂ ಆಡಳಿತ ನಿಯಮಗಳು ನೆಲವನ್ನು ಎ, ಬಿ, ಸಿ ಅಂತ ವಿಂಗಡಿಸಿದವು. ಎ ಅಂದರೆ ಸೇನೆಯ ಕೆಲಸಕ್ಕೇ ಇರುವ ನೆಲ. ಎ-1ರಲ್ಲಿ ಸೇನೆ ಇದೆ. ಎ-2ರಲ್ಲಿ ಸೇನೆ ಇಲ್ಲದಿದ್ದರೂ ಖಾಲಿ ಬಿಡಬೇಕು. ಕ್ಯಾಂಪಿನ ಸುತ್ತ ನಾವು ಸುಮ್ನೆ 'ಮೈದಾನ' ಅಂತ ಕರೆಯುವ ಎಷ್ಟೋ ಬಯಲು ಹೀಗೆ ಉಳಿದಿರುವುದು ಯಾರೂ ಮರೆತಿದ್ದರಿಂದ ಅಲ್ಲ, ಬೇಕೆಂದೇ ಬಿಟ್ಟಿದ್ದರಿಂದ. ಬಿ-1 ಕೇಂದ್ರದ ಬೇರೆ ಇಲಾಖೆಗಳ ಕೈಯಲ್ಲಿದೆ. ಬಿ-2 ರಾಜ್ಯದ ಕೈಯಲ್ಲಿದೆ. ಬಿ-3 ನಮ್ಮಂಥ ಖಾಸಗಿಯವರ ಅನುಭೋಗದಲ್ಲಿರುವ, ಆದರೆ ಒಡೆತನ ಕೇಂದ್ರದ್ದೇ ಆಗಿರುವ ನೆಲ. ಓಲ್ಡ್ ಗ್ರ್ಯಾಂಟ್ ಮತ್ತು ಲೀಸ್ ಮನೆಗಳು ಇಲ್ಲಿ ಬರುತ್ತವೆ. ಇದ್ಯಾವುದಕ್ಕೂ ಸೇರದ್ದು ಬಿ-4. ಸಿ ಅಂದರೆ ರಸ್ತೆ, ಗಟಾರ, ಮಾರುಕಟ್ಟೆಯಂಥ ಊರಿನ ಕೆಲಸಕ್ಕೆ ಬೋರ್ಡಿನ ಸ್ವಾಧೀನಕ್ಕೆ ಕೊಟ್ಟ ನೆಲ.

ಲೀಸ್ ಇದ್ದರೆ ಇನ್ನೊಂದು ಲೆಕ್ಕ. ಸಾಮಾನ್ಯವಾಗಿ 30 ವರ್ಷಕ್ಕೆ ಕೊಟ್ಟು, ಮತ್ತೆ ಎರಡು ಸಲ ಮುಂದುವರಿಸುವ ಅವಕಾಶ ಇಟ್ಟಿರುತ್ತಾರೆ. ಒಟ್ಟು 90 ವರ್ಷ. 1930ರ ದಶಕದಲ್ಲಿ ಬರೆದ ಲೀಸ್ ಆದರೆ ಆ 90 ವರ್ಷ ನಮ್ಮ ಕಣ್ಣೆದುರೇ ಮುಗಿಯುತ್ತಿದೆ ಅಥವಾ ಮುಗಿದಿದೆ. ಲೀಸ್ ಮನೆ ಕೊಳ್ಳುವವರು ಮೊದಲು ಕೇಳಬೇಕಾದ್ದು ರೇಟಲ್ಲ, ಲೀಸಿನ ಕೊನೆಯ ತಾರೀಖು. ದಂಡಿನ ಗಡಿಯೊಳಗೆ ನಿಜವಾಗಿಯೂ ಖಾಸಗಿ ಒಡೆತನದ ನೆಲ ಇರಬಹುದು. ಅಂಥದ್ದಾದರೆ ಜಿಎಲ್‌ಆರ್‌ನಲ್ಲಿ ಅದು ಹಾಗೇ ಬರೆದಿರುತ್ತದೆ. ಬಾಯಿಮಾತಿನ ಮೇಲೆ ನಂಬಬೇಡಿ.

ಇಷ್ಟೆಲ್ಲ ಇದ್ದರೂ ಜನ ಮೋಸ ಹೋಗುವುದು ಯಾಕೆ? ನಮ್ಮ ಊರಿನಲ್ಲಿ ಕೆಲವು ಮಾತುಗಳು ತುಂಬಾ ಗಟ್ಟಿಯಾಗಿ ಕೂತುಬಿಟ್ಟಿವೆ. "ಅಜ್ಜನ ಕಾಲದಿಂದ ತೆರಿಗೆ ಕಟ್ಟಿದ್ದೇವೆ" ಅನ್ನೋದು ಒಂದು. ತೆರಿಗೆ ರಸೀದಿ ಒಡೆತನದ ಪತ್ರ ಅಲ್ಲ. ಕಸ ಎತ್ತಿದ್ದಕ್ಕೆ, ದೀಪ ಹಾಕಿದ್ದಕ್ಕೆ ಬೋರ್ಡು ತೆರಿಗೆ ತಗೊಳ್ಳುತ್ತದೆ, ಅಷ್ಟೇ. ಇನ್ನೊಂದು ಮಾತು, "30 ವರ್ಷ ಇದ್ದರೆ ನೆಲ ನಮ್ಮದೇ ಆಗುತ್ತೆ" ಅನ್ನೋದು. ಸರ್ಕಾರಿ ನೆಲದ ವಿಷಯದಲ್ಲಿ ಕಾನೂನಿನ ಕಾಲಮಿತಿ 30 ವರ್ಷ ಇರುವುದು ನಿಜ. ಆದರೆ ನೀವು ಅವರ ಅನುಮತಿಯ ಮೇಲೆ ಇದ್ದರೆ ಆ ಲೆಕ್ಕ ಶುರುವಾಗುವುದೇ ಇಲ್ಲ. ಓಲ್ಡ್ ಗ್ರ್ಯಾಂಟ್ ಅಂದರೆ ಅನುಮತಿಯೇ ಅಲ್ವಾ? 30 ಅಲ್ಲ, 130 ವರ್ಷ ಇದ್ದರೂ ಅದು ಅನುಮತಿಯಾಗಿಯೇ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಮಾರಾಟಕ್ಕೆ ಅನುಮತಿ ಸಿಗುವುದು ತಡ ಅಂತ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ರೊಕ್ಕ ಕೊಟ್ಟುಬಿಡುವುದು. ಹಾಗೆ ಮಾಡಿದರೆ ರಿಜಿಸ್ಟರಿನಲ್ಲಿ ಹೆಸರು ಹಳಬರದ್ದೇ ಉಳಿಯುತ್ತದೆ. ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರದ ಬಲವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಜೀವಮಾನದ ಉಳಿತಾಯ ಹಾಕಿ ಇಂಥ ಕಾಗದ ಹಿಡಿದು ಕೂತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೆಸರು ಬದಲಾಯಿಸುವುದಕ್ಕೆ, ಅಂದರೆ ಮ್ಯುಟೇಶನ್‌ಗೆ, ಒಂದು ವಿಶೇಷ ಹಂತ ಇದೆ. ಓಲ್ಡ್ ಗ್ರ್ಯಾಂಟ್ ಮನೆಯಾದರೆ 'ಅಡ್ಮಿಷನ್ ಡೀಡ್' ಅನ್ನೋ ಪತ್ರಕ್ಕೆ ಸಹಿ ಹಾಕಲು ಹೇಳುತ್ತಾರೆ. ನೆಲ ಸರ್ಕಾರದ್ದು ಅಂತ ನೀವೇ ಒಪ್ಪಿ ಬರೆದುಕೊಡುವ ಪತ್ರ ಅದು. ತುಂಬಾ ಜನ ಇಲ್ಲಿ ಹಿಂದೆ ಸರಿಯುತ್ತಾರೆ. ಅಜ್ಜ ಕಟ್ಟಿಸಿದ ಮನೆಯ ನೆಲ ನಮ್ಮದಲ್ಲ ಅಂತ ಕೈಯಾರೆ ಬರೆದುಕೊಡಲು ಯಾರಿಗೆ ಮನಸ್ಸು ಬರುತ್ತೆ? ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಸಹಿ ಹಾಕದೆ ಬಿಟ್ಟರೆ ಅಜ್ಜನ ಹೆಸರು ಹಾಗೇ ಉಳಿಯುತ್ತದೆ, ಮಕ್ಕಳ ಪಾಲಿನ ಜಗಳ ಬೆಳೆಯುತ್ತದೆ, ರಿಪೇರಿಗೆ ಅನುಮತಿ ಕೇಳಲು ಹೋದರೂ "ಹೋಲ್ಡರ್ ಯಾರು?" ಅನ್ನೋ ಪ್ರಶ್ನೆ ಎದುರಾಗುತ್ತದೆ. ಸಹಿಗೆ ಮೊದಲು ದಂಡಿನ ನೆಲದ ವಿಷಯ ಬಲ್ಲ ವಕೀಲರಿಗೆ ತೋರಿಸಿ ಅನ್ನುವುದಷ್ಟೇ ನನ್ನ ಸಲಹೆ.

ಅಧಿಕಾರಿಗಳು ಪರಿಶೀಲನೆಗೆ ಬಂದರೆ ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಅನುಮತಿ ಇಲ್ಲದೆ ಏನಾದರೂ ಕಟ್ಟಿದ್ದೀರಾ, ಮನೆ ಅಂತ ಇದ್ದದ್ದನ್ನು ಅಂಗಡಿ ಮಾಡಿದ್ದೀರಾ, ಜಾಗವನ್ನು ಭಾಗ ಮಾಡಿ ಹಂಚಿದ್ದೀರಾ. ನಮ್ಮ ಮನೆಗಳಲ್ಲಿ ಈ ಮೂರೂ ಸಹಜವಾಗಿ ನಡೆದುಹೋಗುತ್ತವೆ. ಮಗನ ಮದುವೆಗೆ ಒಂದು ಕೋಣೆ ಏರಿಸುತ್ತೇವೆ. ಮುಂದಿನ ಪಡಸಾಲೆಯಲ್ಲಿ ಕಿರಾಣಿ ಅಂಗಡಿ ಇಡುತ್ತೇವೆ. ಅಣ್ಣ ತಮ್ಮಂದಿರು ನಡುವೆ ಗೋಡೆ ಹಾಕುತ್ತಾರೆ. ಪಾಲಿಕೆಯ ಬಡಾವಣೆಯಲ್ಲಿ ಇದು ಕಟ್ಟಡ ನಿಯಮದ ವಿಷಯ. ಇಲ್ಲಿ ಅದು ಗ್ರ್ಯಾಂಟಿನ ಷರತ್ತು ಮುರಿದ ಹಾಗೆ. ವಿಷಯ ಬಿಗಡಾಯಿಸಿದರೆ ಸಾರ್ವಜನಿಕ ಆವರಣಗಳಿಂದ ಅನಧಿಕೃತವಾಗಿ ಇರುವವರನ್ನು ತೆರವುಗೊಳಿಸುವ 1971ರ ಕಾಯ್ದೆಯವರೆಗೂ ಹೋಗಬಹುದು.

ಇಷ್ಟು ಓದಿ ಕ್ಯಾಂಪ್ ಅಂದರೆ ಬರೀ ತೊಂದರೆ ಅಂದುಕೊಳ್ಳಬೇಡಿ. ಅಲ್ಲಿ ಬಾಳುವುದರಲ್ಲಿ ಒಂದು ಸುಖ ಇದೆ. ಇಂಡಿಪೆಂಡೆನ್ಸ್ ರೋಡಿನಲ್ಲಿ ಬೆಳಿಗ್ಗೆ ನಡೆದಾಡಿ ನೋಡಿ. ಮಳೆಗಾಲದಲ್ಲಿ ಮರಗಳಿಂದ ಹನಿ ಬೀಳುತ್ತಲೇ ಇರುತ್ತದೆ. 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಈ ಊರಿನಲ್ಲಿದೆ. ಓಡುವ ಹುಡುಗರ ಸಾಲು, ಹವಾಲ್ದಾರರ ಕೂಗು, ದೂರದ ಬ್ಯಾಂಡು ಇವೆಲ್ಲ ಅಲ್ಲಿನ ಮಕ್ಕಳಿಗೆ ಅಲಾರಂ ಇದ್ದ ಹಾಗೆ. ಒಂದು ಕಡೆ ಚರ್ಚು, ಇನ್ನೊಂದು ಕಡೆ ಮಿಲಿಟರಿ ಮಹಾದೇವ ಗುಡಿ. ಕನ್ನಡ, ಮರಾಠಿ, ಉರ್ದು, ತಮಿಳು, ಕೊಂಕಣಿ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ದಂಡಿನ ಜತೆ ಎಲ್ಲೆಲ್ಲಿಂದಲೋ ಬಂದವರ ಮೊಮ್ಮಕ್ಕಳು ಇವರು. ಎತ್ತರದ ಕಟ್ಟಡ ಏಳದಂತೆ ತಡೆದ ಕಟ್ಟುಪಾಡೇ ಆ ಮರಗಳನ್ನೂ ಉಳಿಸಿದೆ ಅನ್ನೋದನ್ನು ಒಪ್ಪಿಕೊಳ್ಳಲೇಬೇಕು.

ಸೇನೆಯವರು ದಂಡಿನೊಳಗಿನ ರಸ್ತೆಗಳನ್ನು ಜನರಿಗೆ ಮುಚ್ಚುತ್ತಾರೆ ಅನ್ನೋ ತಕರಾರೂ ಹಳೆಯದು. ಇದು ಬೆಳಗಾವಿಯದಷ್ಟೇ ಅಲ್ಲ, ದೇಶದ ಬೇರೆ ದಂಡುಗಳಲ್ಲೂ ಇದೆ. 2018ರ ಮೇನಲ್ಲಿ ರಕ್ಷಣಾ ಸಚಿವಾಲಯ, ಸರಿಯಾದ ಕ್ರಮ ಅನುಸರಿಸದೆ ಮುಚ್ಚಿದ ರಸ್ತೆಗಳನ್ನು ತೆರೆಯಲು ಹೇಳಿತು. ದಂಡಿನ ಗೋಡೆಗೆ ಹತ್ತಿರ, ಆದರೆ ದಂಡಿನ ಹೊರಗೆ ಮನೆ ಕಟ್ಟುವವರಿಗೂ ಒಂದು ಮಾತು. ನೆಲ ಪೂರ್ತಿ ನಿಮ್ಮದೇ ಆಗಿದ್ದರೂ ಸೇನಾ ನೆಲೆಯಿಂದ ಗೊತ್ತುಪಡಿಸಿದ ದೂರದೊಳಗೆ ಕಟ್ಟಲು ನಿರಾಕ್ಷೇಪಣಾ ಪತ್ರ ಬೇಕಾಗಬಹುದು. ವಿಮಾನ ನಿಲ್ದಾಣ ಇರುವ ಸಾಂಬ್ರಾ ಕಡೆಯಾದರೆ ವಿಮಾನಗಳ ಕಾರಣಕ್ಕೆ ಎತ್ತರದ ಮಿತಿಯನ್ನೂ ನೋಡಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಪಾಲಿಕೆಗೆ ಸೇರಿದರೆ ಏನಾಗುತ್ತದೆ?

ಇವತ್ತು ಕ್ಯಾಂಪಿನವರು ಶಾಸಕರಿಗೂ ಸಂಸದರಿಗೂ ಮತ ಹಾಕುತ್ತಾರೆ. ಆದರೆ ಬೆಳಗಾವಿ ಪಾಲಿಕೆಯ 58 ವಾರ್ಡುಗಳಲ್ಲಿ ಅವರ ಮನೆ ಇಲ್ಲ. ಅವರ ಬೀದಿಯ ಆಡಳಿತ ದಂಡು ಮಂಡಳಿಯದು, ಅಂದರೆ ಕಂಟೋನ್ಮೆಂಟ್ ಬೋರ್ಡಿನದು. ಅದಕ್ಕೆ ಈಗ 2006ರ ಕಾಯ್ದೆ ಆಧಾರ, ಅದಕ್ಕೂ ಮೊದಲು 1924ರ ಕಾಯ್ದೆ ಇತ್ತು. ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದೂ ಅದೇ 1924ರಲ್ಲಿ ಅಂತ ನೆನೆದರೆ ಸೋಜಿಗ ಅನ್ನಿಸುತ್ತದೆ. ಮಂಡಳಿಗೆ ಸೇನೆಯ ಸ್ಟೇಷನ್ ಕಮಾಂಡರ್ ಅಧ್ಯಕ್ಷರು. ಕಾಯ್ದೆಯ ಪ್ರಕಾರ ಸದಸ್ಯರಲ್ಲಿ ಚುನಾಯಿತರೂ ಇರಬೇಕು, ನಾಮಕರಣಗೊಂಡವರೂ ಇರಬೇಕು. ದೇಶದ ದಂಡು ಮಂಡಳಿಗಳಿಗೆ 2023ರ ಏಪ್ರಿಲ್ 30ಕ್ಕೆ ಚುನಾವಣೆ ಗೊತ್ತಾಗಿತ್ತು. ಅದನ್ನು ರದ್ದು ಮಾಡಿದರು. ಬೀದಿಯ ಗಟಾರ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋ ಪ್ರಶ್ನೆ ಬರುವುದು ಇಂಥ ಹೊತ್ತಿನಲ್ಲೇ.

ಆಗ ದೇಶದಲ್ಲಿ 62 ದಂಡುಗಳಿದ್ದವು. ಕರ್ನಾಟಕದಲ್ಲಿ ಬೆಳಗಾವಿ ಒಂದೇ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಯೋಲ್ ಅನ್ನು ಮೊದಲು ಪಟ್ಟಿಯಿಂದ ತೆಗೆದರು. ಜನವಸತಿಯನ್ನು ಪಕ್ಕದ ನಗರಾಡಳಿತಕ್ಕೆ ಬಿಟ್ಟು, ಸೇನೆಯ ಭಾಗವನ್ನು ಮಿಲಿಟರಿ ಸ್ಟೇಷನ್ ಮಾಡುವುದು ಈಗಿನ ನೀತಿ. ಹೇಗೆ ಬಿಡಬೇಕು ಅಂತ 2024ರಲ್ಲಿ ಮಾರ್ಗಸೂಚಿ ಬಂತು. ಅದರ ಪ್ರಕಾರ ರಸ್ತೆ, ನೀರು, ಚರಂಡಿಯಂಥ ನಾಗರಿಕ ಸೌಲಭ್ಯದ ಆಸ್ತಿಗಳು ರಾಜ್ಯಕ್ಕೆ, ನಗರಾಡಳಿತಕ್ಕೆ ಉಚಿತವಾಗಿ ಹೋಗುತ್ತವೆ. ತೆರಿಗೆಯನ್ನು ನಗರಾಡಳಿತವೇ ವಸೂಲಿ ಮಾಡುತ್ತದೆ. ಆದರೆ ಕೇಂದ್ರಕ್ಕೆ ಎಲ್ಲೆಲ್ಲಿ ನೆಲದ ಒಡೆತನ ಇದೆಯೋ ಅಲ್ಲೆಲ್ಲ ಅದು ಕೇಂದ್ರದಲ್ಲೇ ಉಳಿಯುತ್ತದೆ.

ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಕಸದ ಗಾಡಿ ಬದಲಾಗುತ್ತದೆ. ರಸೀದಿಯ ಮೇಲಿನ ಮುದ್ರೆ ಬದಲಾಗುತ್ತದೆ. ಓಲ್ಡ್ ಗ್ರ್ಯಾಂಟ್ ಮನೆಯ ಕೆಳಗಿನ ನೆಲ ಅಷ್ಟರಿಂದಲೇ ನಿಮ್ಮದಾಗಲ್ಲ. "ಪಾಲಿಕೆಗೆ ಸೇರಿದ ತಕ್ಷಣ ಖಾತಾ ಸಿಗುತ್ತೆ, ರೇಟು ಎರಡು ಪಟ್ಟಾಗುತ್ತೆ" ಅಂತ ಏಜೆಂಟರು ಹೇಳಿದರೆ ನಂಬಬೇಡಿ. ಖಾತಾ ಅನ್ನೋದು ತೆರಿಗೆ ಯಾರು ಕಟ್ಟಬೇಕು ಅಂತ ಬರೆದಿಡುವ ಪುಸ್ತಕ. ಒಡೆತನ ಹುಟ್ಟುವುದು ಅದರಿಂದಲ್ಲ.

ಬೆಂಗಳೂರಿನ ದಂಡು ಈ ದಾರಿಯನ್ನು ಬಹಳ ಹಿಂದೆಯೇ ದಾಟಿತು. ಬ್ರಿಟಿಷರ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ 1947ರಲ್ಲಿ ಮೈಸೂರಿಗೆ ವಾಪಸ್ಸಾಯಿತು. 1949ರಲ್ಲಿ ಪೇಟೆಯ ಊರಿನ ಜತೆ ಸೇರಿ ಒಂದೇ ಪಾಲಿಕೆಯಾಯಿತು. ಫ್ರೇಜರ್ ಟೌನ್, ಕಾಕ್ಸ್ ಟೌನ್ ಇವತ್ತು ಬೇರೆ ಬಡಾವಣೆಗಳಂತೆಯೇ ಬಡಾವಣೆಗಳು. ಬೆಳಗಾವಿಯ ನೆಲದ ಗಂಟು ಮಾತ್ರ ಹಾಗೇ ಉಳಿಯಿತು. ಹಸ್ತಾಂತರ ಮಾಡುವಾಗಲೇ ಓಲ್ಡ್ ಗ್ರ್ಯಾಂಟ್ ಮತ್ತು ಲೀಸ್ ಮನೆಗಳ ಹಕ್ಕನ್ನೂ ಇತ್ಯರ್ಥ ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಮನೆಯವರು ತೆರಿಗೆಗೆ ಪಾಲಿಕೆಗೆ, ಹೆಸರು ಬದಲಾವಣೆಗೆ ಡಿಇಒ ಕಚೇರಿಗೆ ಅಂತ ಎರಡೆರಡು ಬಾಗಿಲು ತಿರುಗಬೇಕಾಗುತ್ತದೆ. ಅಷ್ಟು ವರ್ಷ ದಂಡಿಗೆ ಬಟ್ಟೆ ಹೊಲಿದವರ, ರೊಟ್ಟಿ ಸುಟ್ಟವರ ಮನೆತನಗಳಿಗೆ ಅದು ನ್ಯಾಯ ಅಲ್ಲ.

ಕಾಕಾನ ಮನೆಯ ವಿಷಯಕ್ಕೆ ಬರುತ್ತೇನೆ. ನಾನು ಒಂದೇ ಮಾತು ಹೇಳಿದೆ: "ಜಿಎಲ್‌ಆರ್ ನಕಲು ಬರೋವರೆಗೂ ಮುಂಗಡ ಕೊಡಬ್ಯಾಡ್ರಿ." ಮಾರುವವರು ಒಳ್ಳೆಯ ಜನ, ಅರ್ಜಿ ಹಾಕಿ ತಂದುಕೊಟ್ಟರು. ಊಟದ ಮೇಜಿನ ಮೇಲೆ ಹಾಳೆ ಬಿಡಿಸಿದೆವು. ಕ್ಲಾಸ್ ಬಿ-3. ಲ್ಯಾಂಡ್‌ಲಾರ್ಡ್ ಭಾರತ ಸರ್ಕಾರ. ಹಕ್ಕಿನ ಸ್ವರೂಪ ಓಲ್ಡ್ ಗ್ರ್ಯಾಂಟ್. ಹೋಲ್ಡರ್ ಕಾಲಂನಲ್ಲಿ ಇದ್ದದ್ದು ಮಾರುವವರ ಹೆಸರಲ್ಲ, ಅವರ ಅಪ್ಪನದ್ದೂ ಅಲ್ಲ. ಅಜ್ಜನ ಹೆಸರು. ಎರಡು ತಲೆಮಾರಿನಿಂದ ಯಾರೂ ಹೆಸರು ಬದಲಾಯಿಸಿರಲಿಲ್ಲ. ಆ ಅಜ್ಜನಿಗೆ ಐದು ಜನ ಮಕ್ಕಳು. ಅಳತೆಯ ಕಾಲಂ ನೋಡಿ ಕಾಕಾ ಪೆನ್ನು ಹಿಡಿದು ಲೆಕ್ಕ ಹಾಕಿದರು. ಮಾವಿನ ಮರ ಇದ್ದ ಹಿತ್ತಲಿನ ಅರ್ಧ ಭಾಗ ಆ ಲೆಕ್ಕದಲ್ಲಿ ಬರಲೇ ಇಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಹೋಗಿ, "ಮೊದ್ಲ ಎಲ್ಲಾರೂ ಕೂಡಿ ಹೆಸರ ಏರಿಸ್ಕೋರ್ರಿ, ಆಮ್ಯಾಲೆ ಅನುಮತಿ ತಗೊಂಡು ಮಾರಾಟದ ಮಾತ ಆಡೋಣು" ಅಂತ ಹೇಳಿ ಬಂದರು. ಆ ಮನೆಯವರು ಈಗ ಅಜ್ಜನ ಮರಣದ ದಾಖಲೆ ಹುಡುಕುತ್ತಿದ್ದಾರೆ. ಒಬ್ಬ ಮಗಳು ಮಿರಜಿನಲ್ಲಿ, ಇನ್ನೊಬ್ಬರು ಗೋವಾದಲ್ಲಿ. ಎಲ್ಲರ ಸಹಿ ಬೇಕು. ಕಾಕಾ ಅವರಿಗೆ ನನ್ನ ಫೋನ್ ನಂಬರ್ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಅವರು ಫೋನ್ ಮಾಡಿ, ಮುಂದಿನ ಕಾಗದ ಯಾವುದು ಅಂತ ಕೇಳುತ್ತಾರೆ.